ಹುಲಿ ಬಂದರೆ ದುಡ್ಡು, ಹೀರೊ ಬಂದರೆ ಲೇಟು!

ಒಂದೇ ಆಕಾಶ. ಎಡಗಡೆ ಸೂರ್ಯ ಹುಟ್ಟುತ್ತಿದ್ದಾನೆ, ಬಲಗಡೆ ಅದೇ ಸೂರ್ಯ ಮುಳುಗುತ್ತಿದ್ದಾನೆ. ನಡುವೆ ವಿವೇಕಾನಂದ ಬಂಡೆ. ಮೇಲೆ ಹಾರುತ್ತಿರುವ ಹಕ್ಕಿಗಳ ಸಾಲಿನಲ್ಲಿ ಒಂದಕ್ಕೆ ಮೂರು ರೆಕ್ಕೆ. ಕನ್ಯಾಕುಮಾರಿಯ ಈ ಪೋಸ್ಟ್‌ಕಾರ್ಡ್ ಮಾಡಿದ ಪುಣ್ಯಾತ್ಮನಿಗೆ ಭೂಗೋಳಕ್ಕಿಂತ ಗಿರಾಕಿಯ ಮೇಲೆ ಪ್ರೀತಿ ಜಾಸ್ತಿ ಇದ್ದಿರಬೇಕು. ಅಷ್ಟು ದೂರ ಬಂದವನಿಗೆ ಕೊಟ್ಟ ಕಾಸಿಗೆ ಎರಡೂ ಸಿಗಲಿ ಅಂತ ಸೂರ್ಯೋದಯ, ಸೂರ್ಯಾಸ್ತ ಎರಡನ್ನೂ ಒಂದೇ ಕಾರ್ಡಿನಲ್ಲಿ ಹಾಕಿಬಿಟ್ಟಿದ್ದಾನೆ.

ಇಂಥ 112 ಕಾರ್ಡುಗಳು ನಮ್ಮ ಮನೆಯಲ್ಲಿವೆ. ಕಳೆದ ಬೇಸಿಗೆ ರಜೆಯಲ್ಲಿ ಇವುಗಳ ಫೋಟೊ ತೆಗೆದು ದಿನಕ್ಕೊಂದರಂತೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಇನ್‌ಸ್ಟಾಗ್ರಾಮಿಗೂ ಹಾಕತೊಡಗಿದೆ. ಹಾಸ್ಟೆಲ್ ಗೆಳತಿಯರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಈಗಲೂ ನಗುತ್ತೇನೆ. ಆದರೆ ಈ ಕಾರ್ಡುಗಳು ಒಂದು ಕಾಲದಲ್ಲಿ ಏನು ಕೆಲಸ ಮಾಡುತ್ತಿದ್ದವು ಅಂತ ತಿಳಿದ ಮೇಲೆ ಆ ನಗುವಿನ ರುಚಿಯೇ ಬೇರೆಯಾಗಿದೆ.

ನಮ್ಮೂರು ಪುಣಜನೂರು. ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೊರಟರೆ ಕರ್ನಾಟಕದ ಕೊನೆಯ ಊರುಗಳಲ್ಲೊಂದು. ಸುತ್ತ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಕಾಡು. ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡಿನ ಹಾಸನೂರು, ಆಮೇಲೆ 27 ತಿರುವುಗಳ ದಿಂಬಂ ಘಾಟಿ. ಮೊದಲು ಈ ರಸ್ತೆಗೆ ರಾಷ್ಟ್ರೀಯ ಹೆದ್ದಾರಿ 209 ಅನ್ನುತ್ತಿದ್ದರು, ಈಗ 948. ನಂಬರ್ ಬದಲಾದದ್ದು ಆನೆಗಳಿಗೆ ಗೊತ್ತಾಗಿಲ್ಲ. ಕಬ್ಬಿನ ಲಾರಿ ಅಡ್ಡಗಟ್ಟಿ ತಮ್ಮ ಪಾಲು ಎಳೆದುಕೊಳ್ಳುವ ಪದ್ಧತಿ ಹಾಗೇ ನಡೆದಿದೆ.

ಈ ದಾರಿಯಲ್ಲಿ ನಮ್ಮ ದೊಡ್ಡಪ್ಪ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಲಾರಿ ಓಡಿಸಿದವರು. ಲೋಡ್ ಎಲ್ಲಿಗೋ ಸವಾರಿ ಅಲ್ಲಿಗೆ: ಕೊಯಮತ್ತೂರು, ಸೇಲಂ, ಮಧುರೆ, ಒಮ್ಮೊಮ್ಮೆ ಹೈದರಾಬಾದ್. ನಿಂತ ಕಡೆಯಿಂದ ದೊಡ್ಡಮ್ಮನಿಗೆ ಒಂದು ಕಾರ್ಡ್ ಹಾಕುತ್ತಿದ್ದರು. ದೊಡ್ಡಮ್ಮ ಅವನ್ನೆಲ್ಲ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಜೋಪಾನ ಮಾಡಿ, ಸೀರೆಗಳ ಕೆಳಗೆ ಇಟ್ಟಿದ್ದರು.

ಡಬ್ಬಿಯೊಳಗಿನ ವಸ್ತು ಪ್ರದರ್ಶನ

ಕೆಲವನ್ನು ನಿಮಗೂ ಪರಿಚಯಿಸುತ್ತೇನೆ.

ಚಾಮುಂಡಿ ಬೆಟ್ಟದ ಮಹಿಷಾಸುರ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು, ಕಣ್ಣು ಕೆಂಡ. ಸುತ್ತ ಗುಲಾಬಿ ಹೂವಿನ ಚೌಕಟ್ಟು. ಕೆಳಗೆ ಬಂಗಾರದ ಅಕ್ಷರದಲ್ಲಿ ‘ಹೊಸ ವರ್ಷದ ಹಾರ್ದಿಕ ಶುಭಾಶಯಗಳು’. ಇಷ್ಟು ಧೈರ್ಯವಾಗಿ ಹೊಸ ವರ್ಷವನ್ನು ಸ್ವಾಗತಿಸಿದ ಕಾರ್ಡನ್ನು ನಾನು ಬೇರೆ ನೋಡಿಲ್ಲ.

ದೀಪಾಲಂಕಾರದ ಮೈಸೂರು ಅರಮನೆ. ಆಕಾಶದಲ್ಲಿ ಒಂದು ಚಂದ್ರ, ಸ್ವಲ್ಪ ಆಚೆ ಇನ್ನೊಂದು ಚಂದ್ರ. ಹೊಸದನ್ನು ಅಂಟಿಸಿದವರು ಹಳೆಯದನ್ನು ಅಳಿಸಲು ಮರೆತಿದ್ದಾರೆ.

ಟೈ ಕಟ್ಟಿ, ಕೂಲಿಂಗ್ ಗ್ಲಾಸ್ ಹಾಕಿ, ಕೆಂಪು ಟೆಲಿಫೋನಿನಲ್ಲಿ ಗಂಭೀರವಾಗಿ ಮಾತಾಡುತ್ತಿರುವ ಎಂಟು ತಿಂಗಳ ಮಗು. ಚಡ್ಡಿ ಮಾತ್ರ ಇಲ್ಲ. ಕ್ಯಾಂಪಸ್ ಇಂಟರ್‌ವ್ಯೂ ಆನ್‌ಲೈನಿನಲ್ಲಿ ಕೊಟ್ಟವರಿಗೆ ಈ ಡ್ರೆಸ್‌ಕೋಡ್ ಚೆನ್ನಾಗಿ ಗೊತ್ತು.

ಊಟಿಯ ಕೆರೆ. ನೀರಿನ ಬಣ್ಣ ರೋಸ್‌ಮಿಲ್ಕಿನದು. ನಾಯಕ ನಾಯಕಿಯರ ಒಂದು ಕಾರ್ಡಿನಲ್ಲಿ ನಾಯಕಿಯ ತುಟಿಯ ಕೆಂಪು ತುಟಿಯಿಂದ ಎರಡು ಮಿಲಿಮೀಟರ್ ಆಚೆ, ಕೆನ್ನೆಯ ಮೇಲಿದೆ.

ಕೊನೆಯದಾಗಿ, ರಿಬ್ಬನ್ ಕಟ್ಟಿದ ಬುಟ್ಟಿಯಲ್ಲಿ ಕೂತ ಎರಡು ಹುಲಿಮರಿ. ಪಕ್ಕದಲ್ಲಿ ಸೇವಂತಿಗೆ. ನಮ್ಮೂರಿನವರಿಗೆ ಹುಲಿ ಅಂದರೆ ಏನಂತ ಗೊತ್ತು, ಅದು ಬುಟ್ಟಿಯಲ್ಲಿ ಕೂರುವ ಪೈಕಿ ಅಲ್ಲ.

ಇಂಥ ಅತಿ ಬಣ್ಣದ, ಅತಿ ಸಿಹಿಯ ಅಗ್ಗದ ಚಿತ್ರಗಳಿಗೆ ಕಲೆಯ ಬಗ್ಗೆ ಬರೆಯುವವರು ‘ಕಿಚ್’ ಎಂಬ ಜರ್ಮನ್ ಪದ ಬಳಸುತ್ತಾರೆ. ನಮ್ಮ ಹೊಟ್ಟೆಕಿಚ್ಚಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಕಡೆ ಅದಕ್ಕೆ ಇನ್ನೂ ಒಳ್ಳೆಯ ಹೆಸರಿದೆ: ಜಾತ್ರೆ ಮಾಲು.

ಬಣ್ಣ ಯಾಕೆ ಇಷ್ಟು ಜೋರು?

ತುಟಿ ಬಣ್ಣ ಕೆನ್ನೆಗೆ ಹೋದದ್ದಕ್ಕೆ ಕಾರಣ ಸರಳ. ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚಿತ್ರ ಒಂದೇ ಸಲಕ್ಕೆ ಬರುವುದಿಲ್ಲ. ನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್. ನಾಲ್ಕೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಒಂದು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ನಾಯಕಿಯ ಮುಖಕ್ಕೆ ಎರಡು ಬಾಯಿ. ಅಗ್ಗದ ಕೆಲಸದಲ್ಲಿ ಇದನ್ನೆಲ್ಲ ನೋಡುತ್ತಾ ಕೂರಲು ಪುರುಸೊತ್ತು ಯಾರಿಗಿದೆ? ಪಟಾಕಿ, ಬೆಂಕಿಪೊಟ್ಟಣಕ್ಕೆ ಹೆಸರಾದ ಶಿವಕಾಶಿಯೇ ಕ್ಯಾಲೆಂಡರ್ ಮುದ್ರಣಕ್ಕೂ ದೊಡ್ಡ ಊರು.

ಈ ವಂಶದ ಮೂಲ ಹುಡುಕಿದರೆ ರಾಜಾ ರವಿವರ್ಮ ಸಿಗುತ್ತಾರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾವು ಟಿಕೆಟ್ ತೆಗೆದುಕೊಂಡು ನೋಡುವ ಅದೇ ರವಿವರ್ಮ. ಅವರು 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದು, ದೇವರ ಚಿತ್ರಗಳನ್ನು ಅಚ್ಚು ಹಾಕಿಸಿ ಜನಸಾಮಾನ್ಯರ ಮನೆಯ ಗೋಡೆಗೆ ತಲುಪಿಸಿದರು. ಮುಂದೆ ಕ್ಯಾಲೆಂಡರಿನಲ್ಲಿ, ಬೆಂಕಿಪೊಟ್ಟಣದ ಮೇಲೆ, ಕಾರ್ಡಿನಲ್ಲಿ ಬಂದ ದೇವರುಗಳಲ್ಲಿ ಬಹಳಷ್ಟು ಮಂದಿ ಆ ಚಿತ್ರಗಳ ಮರಿಮಕ್ಕಳು. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರೂ ಕ್ಯಾಲೆಂಡರ್ ಚಿತ್ರಗಳಿಂದಲೇ ಮನೆಮಾತಾದವರು.

ಆದರೆ ಬಣ್ಣ ಜೋರಾಗಿರಲು ಇನ್ನೊಂದು ಕಾರಣ ಇದೆ. ಅದನ್ನು ಹೇಳಿಕೊಟ್ಟವರು ನಮ್ಮ ದೊಡ್ಡಮ್ಮ.

ಎರಡು ಬಿಟ್ ದಾಂಪತ್ಯ

ನಾನು ಜಗಲಿಯಲ್ಲಿ ಕಾರ್ಡುಗಳನ್ನು ಹರಡಿಕೊಂಡು ಫೋಟೊ ತೆಗೆಯುತ್ತಿದ್ದೆ. ದೊಡ್ಡಮ್ಮ ಪಕ್ಕದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಊಟಿ ಕಾರ್ಡಿಗೆ ಏನು ಕ್ಯಾಪ್ಷನ್ ಹಾಕಲಿ ಅಂತ ಜೋರಾಗಿಯೇ ಯೋಚಿಸುತ್ತಿದ್ದಾಗ ಅವರು ತಲೆ ಎತ್ತದೆ ಅಂದರು: “ಅದು ಊಟಿ ಅಲ್ಲ ಕನ ಕೂಸೇ. ‘ಇನ್ನೂ ದೂರ ಹೋಯ್ತಾ ಇವ್ನಿ’ ಅಂತ.”

ನಾನು ಬಾಯಿ ಬಿಟ್ಟು ನೋಡಿದೆ. ಒಂದೊಂದೇ ಕಾರ್ಡ್ ಎತ್ತಿ ಹಿಡಿದೆ. ಅವರು ಒಂದೊಂದನ್ನೂ ಓದಿದರು.

ದೇವರ ಚಿತ್ರ ಬಂದರೆ ‘ಈ ವಾರ ಮನೆಗೆ ಬರ್ತೀನಿ’. ಕೆರೆ, ಸಮುದ್ರ, ಜಲಪಾತ, ಒಟ್ಟಿನಲ್ಲಿ ನೀರು ಕಂಡರೆ ‘ಇನ್ನೊಂದು ಲೋಡ್ ಸಿಕ್ಕಿದೆ, ಮುಂದಕ್ಕೆ ಹೋಗ್ತಿದ್ದೀನಿ’. ಪ್ರಾಣಿ ಅಥವಾ ಮಗು ಬಂದರೆ ‘ಮನಿಯಾರ್ಡರ್ ಮಾಡಿದ್ದೀನಿ’. ಸಿನಿಮಾ ಹೀರೊ ಬಂದರೆ ‘ಲೇಟಾಗುತ್ತೆ, ಕಾಯಬೇಡ’. ಕೂಲಿಂಗ್ ಗ್ಲಾಸ್ ಹಾಕಿದ ಆ ಮಗು ಅಕ್ಕಿ ತರುವ ದುಡ್ಡಿನ ಸುದ್ದಿ. ಬುಟ್ಟಿಯ ಹುಲಿಮರಿಗಳು ಅಕ್ಕನ ಸ್ಕೂಲ್ ಫೀಸು.

ನಮ್ಮ ದೊಡ್ಡಮ್ಮನಿಗೆ ಓದು ಬರಹ ಬರುವುದಿಲ್ಲ. ಬರೆದದ್ದನ್ನು ಬೇರೆಯವರಿಂದ ಓದಿಸಬಹುದಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಪೋಸ್ಟ್‌ಕಾರ್ಡ್ ಅಂದರೆ ಬಾಗಿಲಿಲ್ಲದ ಮನೆ. ಅಂಚೆಯವರ ಕೈಯಿಂದ ಟೀ ಅಂಗಡಿಗೆ, ಅಲ್ಲಿಂದ ಯಾವುದೋ ಹುಡುಗನ ಕೈಗೆ, ಕೊನೆಗೆ ಮನೆಗೆ. ಅಷ್ಟರಲ್ಲಿ ಅರ್ಧ ಊರು ಓದಿ ಆಗಿರುತ್ತಿತ್ತು. ‘ದುಡ್ಡು ಕಳಿಸಿದ್ದೀನಿ’ ಅಂತ ಬರೆದರೆ ದುಡ್ಡಿಗಿಂತ ಮೊದಲು ಸಾಲಗಾರ ಬಾಗಿಲಲ್ಲಿ. ‘ಎರಡು ವಾರ ಬರೋದಿಲ್ಲ’ ಅಂದರೆ ಮಕ್ಕಳ ಜೊತೆ ಹೆಂಗಸು ಒಬ್ಬಳೇ ಇದ್ದಾಳೆ ಅಂತ ಊರಿಗೆಲ್ಲ ಡಂಗುರ. ಹಾಗಾಗಿ ಕಾರ್ಡಿನ ಹಿಂದೆ ದೊಡ್ಡಪ್ಪ ಬರೆಯುತ್ತಿದ್ದದ್ದು ಪ್ರತಿ ಸಲ ಅದೇ ಎರಡು ಮಾತು: ತಾನು ಕ್ಷೇಮ, ನೀವೆಲ್ಲ ಕ್ಷೇಮ ಅಂತ ನಂಬಿದ್ದೇನೆ. ನಿಜವಾದ ಪತ್ರ ಮುಂದಿನ ಚಿತ್ರದಲ್ಲಿತ್ತು. ಊರೆಲ್ಲ ಅದನ್ನು ನೋಡುತ್ತಿತ್ತು, ಓದುತ್ತಿದ್ದದ್ದು ಒಬ್ಬರೇ.

ಬಿಇ ಓದುವವಳಿಗೆ ಇದನ್ನು ಕೇಳಿ ಸುಮ್ಮನಿರಲು ಆಗುತ್ತದಾ? ಕ್ಲಾಡ್ ಶಾನನ್ 1948ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹೇಳಿದ್ದು ಇದನ್ನೇ: ಸಂದೇಶ ಅಂದರೆ, ಇರಬಹುದಾದ ಹಲವು ಸಂದೇಶಗಳ ಪೈಕಿ ಆರಿಸಿದ ಒಂದು. ನಾಲ್ಕರಲ್ಲಿ ಒಂದನ್ನು ಆರಿಸಿ ಹೇಳಲು ಬೇಕಾದದ್ದು ಎರಡು ಬಿಟ್. 00, 01, 10, 11. ನಮ್ಮ ದೊಡ್ಡಪ್ಪ ದೊಡ್ಡಮ್ಮ ಇಪ್ಪತ್ತು ವರ್ಷ ಎರಡು ಬಿಟ್ಟಿನಲ್ಲಿ ಸಂಸಾರ ಮಾಡಿದರು. ನಾವು ದಿನಕ್ಕೆ ಒಂದೂವರೆ ಜಿಬಿ ಖಾಲಿ ಮಾಡಿಯೂ ‘ಅವನು ಏನು ಅರ್ಥದಲ್ಲಿ ಹಾಗೆ ಬರೆದ’ ಅಂತ ರೂಮ್‌ಮೇಟ್ ತಲೆ ತಿನ್ನುತ್ತೇವೆ.

ಈಗ ಬಣ್ಣದ ವಿಷಯಕ್ಕೆ ಬನ್ನಿ. ಇಂಥ ಸಂಕೇತಕ್ಕೆ ನಯವಾದ, ನಾಜೂಕಾದ ಚಿತ್ರ ಪ್ರಯೋಜನವಿಲ್ಲ. ಮಬ್ಬು ಬೆಳಕಿನಲ್ಲಿ, ಹತ್ತು ಅಡಿ ದೂರದಿಂದ, ಮಳೆಗೆ ನೆನೆದು ಬಂದರೂ ದೇವರು ದೇವರಂತೆ, ಹುಲಿ ಹುಲಿಯಂತೆ ಕಾಣಬೇಕು. ಜಾತ್ರೆ ಮಾಲು ಕೂಗಿ ಹೇಳುತ್ತದೆ. ಅವರಿಗೆ ಕೂಗುವ ಚಿತ್ರವೇ ಬೇಕಿತ್ತು.

ಎಲ್ಲ ವ್ಯವಸ್ಥೆಯಂತೆ ಇದರಲ್ಲೂ ಎಡವಟ್ಟು ಆಗಿದೆ. ಒಮ್ಮೆ ಮಧುರೆಯ ಹತ್ತಿರದ ಅಂಗಡಿಯಲ್ಲಿ ದೇವರು ಖಾಲಿ. ಬೇರೆ ದಾರಿ ಇಲ್ಲದೆ ದೊಡ್ಡಪ್ಪ ಜಿಂಕೆಯ ಕಾರ್ಡ್ ಹಾಕಿದರು. ದೊಡ್ಡಮ್ಮ ಮನಿಯಾರ್ಡರಿಗಾಗಿ ದಿನಾ ಅಂಚೆಯವರ ದಾರಿ ಕಾದರು. ಬಂದದ್ದು ಬರಿಗೈಯ ಗಂಡ. ಆಮೇಲೆ ಏನಾಯಿತು ಅಂತ ಇಬ್ಬರೂ ಹೇಳುವುದಿಲ್ಲ, ನಗುತ್ತಾರೆ ಅಷ್ಟೆ. ಅಂದಿನಿಂದ ದೊಡ್ಡಪ್ಪ ಚಾಮರಾಜನಗರದಲ್ಲಿ ಆಷಾಢದ ಚಾಮರಾಜೇಶ್ವರ ಜಾತ್ರೆಗೆ ಹೋದಾಗ ನಾಲ್ಕೂ ಬಗೆಯ ಕಾರ್ಡುಗಳನ್ನು ಕಟ್ಟುಗಟ್ಟಲೆ ಕೊಂಡು ಲಾರಿಯಲ್ಲಿ ಸ್ಟೀರಿಂಗ್ ಪಕ್ಕದ ಡಬ್ಬದಲ್ಲಿ ಇಟ್ಟುಕೊಳ್ಳತೊಡಗಿದರು. ನಮ್ಮ ಭಾಷೆಯಲ್ಲಿ ಬಫರ್ ಸ್ಟಾಕ್.

ಇನ್ನೊಂದು ಕಾರ್ಡಿನಲ್ಲಿ ಮಲೆ ಮಹದೇಶ್ವರ ಹುಲಿಯ ಮೇಲೆ ಕೂತಿದ್ದಾನೆ. ಇದು ದೇವರಾ, ಪ್ರಾಣಿಯಾ? ಕೋಡ್ ಇಲ್ಲಿ ಕೈಕೊಡುತ್ತದೆ ಅಂದುಕೊಂಡೆ. ದೊಡ್ಡಮ್ಮ ಒಂದು ಕ್ಷಣವೂ ತಡವರಿಸಲಿಲ್ಲ: “ಮಾದಪ್ಪ ಹುಲಿ ಮ್ಯಾಲ ಬಂದ್ರ, ದುಡ್ಡ ತಕ್ಕಂಡು ನಿಮ್ ದೊಡ್ಡಪ್ಪನೇ ಬತ್ತಾವ್ರ ಅಂತ.” ಎರಡು ಸಂಕೇತ ಸೇರಿಸಿ ಮೂರನೇ ಅರ್ಥ! ನಮಗೆ ಇದನ್ನು ಕಲಿಸಲು ಒಂದು ಸೆಮಿಸ್ಟರ್ ಬೇಕು.

2000ದ ಆಗಸ್ಟ್

ಕಾರ್ಡುಗಳನ್ನು ವರ್ಷದ ಪ್ರಕಾರ ಜೋಡಿಸಲು ನನಗೆ ನೆರವಾದದ್ದು ವಿಳಾಸ. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ‘ಮೈಸೂರು ಜಿಲ್ಲೆ’ ಅಂತ ಇದ್ದವು ಹಳೆಯವು, ‘ಚಾಮರಾಜನಗರ ಜಿಲ್ಲೆ’ ಅಂತ ಇದ್ದವು ಆಮೇಲಿನವು. ಮೊಹರು ಸ್ಪಷ್ಟವಾಗಿದ್ದ ಕೆಲವೇ ಕಾರ್ಡುಗಳಲ್ಲಿ ಒಂದು ಸೇಲಂನದು, ಆಗಸ್ಟ್ 2000. ಮುಂದಿರುವುದು ‘ಮಯೂರ’ ಚಿತ್ರದ ಉಡುಪಿನಲ್ಲಿ ಡಾ. ರಾಜ್‌ಕುಮಾರ್. ಕಿರೀಟಕ್ಕೆ ಮಿಂಚುಪುಡಿ ಬೇರೆ ಅಂಟಿಸಿದ್ದಾರೆ, ಮುಟ್ಟಿದರೆ ಈಗಲೂ ಬೆರಳಿಗೆ ಹತ್ತುತ್ತದೆ.

ಆ ತಿಂಗಳು ಏನಾಗಿತ್ತು ಅಂತ ಹಿರಿಯರಿಗೆ ಹೇಳಬೇಕಿಲ್ಲ. ನಾವು ಹುಟ್ಟುವ ಮೊದಲಿನ ಮಾತು. 2000ದ ಜುಲೈ 30ರ ರಾತ್ರಿ, ಗಡಿಯಾಚೆ ತಾಳವಾಡಿ ಸೀಮೆಯ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಅವರು ಬಿಡುಗಡೆಯಾದದ್ದು 108 ದಿನಗಳ ನಂತರ, ನವೆಂಬರ್ 15ಕ್ಕೆ. ಎರಡೂ ರಾಜ್ಯಗಳಲ್ಲಿ ಆತಂಕ. ನಮ್ಮ ಕಾಡು, ನಮ್ಮ ರಸ್ತೆ, ನಮ್ಮ ಚೆಕ್‌ಪೋಸ್ಟ್ ಎಲ್ಲ ದಿನಾ ಸುದ್ದಿಯಲ್ಲಿ. ದೊಡ್ಡಪ್ಪನ ಲಾರಿ ಗಡಿಯ ಆಚೆ ಸಿಕ್ಕಿಕೊಂಡಿತ್ತು. ಬರಬೇಕಾಗಿದ್ದ ದಿನ ಬರಲಿಲ್ಲ, ಮರುದಿನವೂ ಇಲ್ಲ. ಮನೆಯಲ್ಲಿ ಫೋನ್ ಇಲ್ಲ. ಊರಿನವರ ಬಾಯಲ್ಲಿ ನೂರೆಂಟು ಮಾತು.

ಒಂದು ವಾರದ ಮೇಲೆ ಬಂದದ್ದು ಈ ಕಾರ್ಡ್. ಸ್ಟೀರಿಂಗ್ ಪಕ್ಕದ ಡಬ್ಬದಲ್ಲಿದ್ದ ಹೀರೊ. ಟೀ ಅಂಗಡಿಯಲ್ಲಿ ಅದನ್ನು ನೋಡಿದವರೆಲ್ಲ ಅಣ್ಣಾವ್ರಿಗಾಗಿ ಕೈಮುಗಿದರಂತೆ. ಎಂಥ ಅಭಿಮಾನಿ, ಅಲ್ಲಿ ಕೂತೂ ಅಣ್ಣಾವ್ರ ಫೋಟೊ ಕಳಿಸಿದ್ದಾನೆ ಅಂತ ಹೊಗಳಿದರಂತೆ. ದೊಡ್ಡಮ್ಮನೂ ಕೈಮುಗಿದರು. ಆದರೆ ಅವರು ಓದಿಕೊಂಡದ್ದು ಬೇರೆ: ಲೇಟಾಗುತ್ತೆ, ಕಾಯಬೇಡ. ಲೇಟಾಗುತ್ತೆ ಅಂದರೆ ಜೀವಂತ ಇದ್ದಾರೆ. “ಅವತ್ತು ಹೊಟ್ಟ ತುಂಬ ಉಂಡಿ” ಅಂದರು ದೊಡ್ಡಮ್ಮ.

ಈ ಕಾರ್ಡನ್ನು ಸ್ಟೇಟಸ್ಸಿಗೆ ಹಾಕಿದಾಗ ಮಿಂಚುಪುಡಿ ಕಿರೀಟ ನೋಡಿ ಒಬ್ಬಳು ನಗುವ ಮುಖ ಕಳಿಸಿದಳು. ಕಥೆ ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಫೋನ್ ಮಾಡಿ, ತನ್ನ ಅಜ್ಜಿಯ ಟ್ರಂಕಿನಲ್ಲೂ ಇಂಥವು ಇವೆ, ಹೋಗಿ ಕೇಳುತ್ತೇನೆ ಅಂದಳು.

ನಗುವುದು ಯಾರನ್ನು?

ಪೋಸ್ಟ್‌ಕಾರ್ಡ್ ಹುಟ್ಟಿದ್ದು 1869ರಲ್ಲಿ, ಆಸ್ಟ್ರಿಯಾ–ಹಂಗೇರಿಯಲ್ಲಿ. ಭಾರತಕ್ಕೆ ಬಂದದ್ದು 1879ರಲ್ಲಿ, ಬೆಲೆ ಕಾಲಾಣೆ. ತೆರೆದ ಕಾರ್ಡಿನಲ್ಲಿ ಗುಟ್ಟು ಸಾಗಿಸುವ ಆಟವೂ ಹಳೆಯದೇ. ಯುರೋಪಿನ ಪ್ರೇಮಿಗಳು ಅಂಚೆಚೀಟಿಯನ್ನು ಓರೆಯಾಗಿ, ತಲೆಕೆಳಗಾಗಿ ಅಂಟಿಸಿ ಒಂದೊಂದು ಭಂಗಿಗೆ ಒಂದೊಂದು ಅರ್ಥ ಕೊಟ್ಟಿದ್ದರು. ಆ ಅರ್ಥಗಳ ಪಟ್ಟಿಯನ್ನೇ ಅಚ್ಚು ಹಾಕಿದ ಕಾರ್ಡುಗಳೂ ಮಾರಾಟವಾದವು. ಊರಿಗೆಲ್ಲ ಪಾಸ್‌ವರ್ಡ್ ಹಂಚಿದ ಹಾಗೆ!

ಕಾರ್ಡಿನ ಮೇಲೆ ನಗುವುದೂ ಹೊಸತಲ್ಲ. ಬ್ರಿಟಿಷ್ ಛಾಯಾಗ್ರಾಹಕ ಮಾರ್ಟಿನ್ ಪಾರ್ 1999ರಲ್ಲಿ ಹೆದ್ದಾರಿ, ಬಸ್‌ನಿಲ್ದಾಣ, ಕಟ್ಟಡಗಳ ನೀರಸ ಕಾರ್ಡುಗಳನ್ನೇ ಕಲೆಹಾಕಿ ‘ಬೋರಿಂಗ್ ಪೋಸ್ಟ್‌ಕಾರ್ಡ್ಸ್’ ಅಂತ ಪುಸ್ತಕ ಮಾಡಿದರು. ಓದಿದವರು ನಕ್ಕರು, ಹಾಗೇ ತಮ್ಮ ದೇಶದ ಚರಿತ್ರೆಯನ್ನೂ ನೋಡಿಕೊಂಡರು. ಇದು ಒಂದು ಬಗೆಯ ನಗು.

ಇನ್ನೊಂದು ಬಗೆಯದೂ ಇದೆ. ಬ್ರಿಟಿಷರ ಕಾಲದಲ್ಲಿ ಮದ್ರಾಸು, ಬೆಂಗಳೂರುಗಳಿಂದ ಸಾವಿರಾರು ಕಾರ್ಡುಗಳು ವಿಲಾಯತಿಗೆ ಹೋದವು. 2018ರಲ್ಲಿ ಲಂಡನ್ನಿನಲ್ಲಿ ಅವುಗಳದೇ ಒಂದು ಪ್ರದರ್ಶನ ನಡೆಯಿತು. ಆ ಕಾಲದ ಕಾರ್ಡುಗಳಲ್ಲಿ ಆಯಾ, ಅಗಸ, ಅಡುಗೆಯವ, ನೀರು ಹೊರುವವ ಎಲ್ಲ ಇದ್ದಾರೆ, ಹೆಸರು ಮಾತ್ರ ಇಲ್ಲ. ‘ನೇಟಿವ್ ಟೈಪ್’ ಅಂತ ಒಂದು ಲೇಬಲ್. ಆ ಮನುಷ್ಯನ ಚಿತ್ರ ಅವನನ್ನು ಕೇಳದೆ ಹಡಗು ಹತ್ತಿ ಹೋಗಿ, ಯಾರದೋ ಮನೆಯಲ್ಲಿ ಚಹಾದ ಜೊತೆ ನಗೆಯ ವಸ್ತುವಾಯಿತು.

ಹಳ್ಳಿಯ ಕಡೆಯವರ ವಿಡಿಯೊ ತೆಗೆದು, ಹಿಂದೆ ಒಂದು ತಮಾಷೆ ಮ್ಯೂಸಿಕ್ ಹಾಕಿ ಹರಿಬಿಡುವ ನಮ್ಮ ಕಾಲಕ್ಕೂ ಈ ಪ್ರಶ್ನೆ ಇದ್ದದ್ದೇ. ನಾಲ್ಕು ಕಾಲಿನ ಕೋಳಿ, ಎರಡು ಚಂದ್ರ ನೋಡಿ ನಗೋಣ, ಯಾರಿಗೂ ನಷ್ಟವಿಲ್ಲ. ಅದನ್ನು ಆರಿಸಿದವರಿಗೆ ‘ಟೇಸ್ಟ್’ ಇಲ್ಲ ಅಂತ ನಗುವ ಮುಂಚೆ, ಅವರು ಯಾಕೆ ಆರಿಸಿದರು ಅಂತ ಒಂದು ಮಾತು ಕೇಳಬೇಕು. ಉತ್ತರ ಕೇಳಿದ ಮೇಲೆ ತಮಾಷೆ ಕಡಿಮೆ ಆಗುವುದಿಲ್ಲ, ಇನ್ನೂ ಜಾಸ್ತಿಯಾಗುತ್ತದೆ. ನಮ್ಮ ಮನೆಯಲ್ಲಿ ಈಗ ಎಲ್ಲರಿಗಿಂತ ಜೋರಾಗಿ ನಗುವವರು ದೊಡ್ಡಮ್ಮನೇ.

ಮುಂಭಾಗ ಊರಿಗೆ, ಹಿಂಭಾಗ ಮನೆಗೆ

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಡಬ್ಬಿ ಇರಬಹುದು. ತೆರೆಯುವುದಾದರೆ ನಾನು ಪಾಲಿಸುವ ನಾಲ್ಕು ನಿಯಮ ಹೇಳುತ್ತೇನೆ. ಒಂದು, ಕಾರ್ಡಿನ ಮುಂಭಾಗ ಮಾತ್ರ ಹಂಚಿಕೊಳ್ಳಿ. ಹಿಂಭಾಗದಲ್ಲಿ ವಿಳಾಸ ಇರುತ್ತದೆ, ಇನ್ನೊಬ್ಬರ ಮನೆಯ ಮಾತು ಇರುತ್ತದೆ. ಎರಡು, ಬಂದವರನ್ನೂ ಬರೆದವರನ್ನೂ ಕೇಳಿಯೇ ಹಾಕಿ. ಮೂರು, ಫ್ಲ್ಯಾಷ್ ಬೇಡ. ಹಗಲು ಕಿಟಕಿ ಪಕ್ಕ ಕಾರ್ಡನ್ನು ಚಪ್ಪಟೆಯಾಗಿಟ್ಟು ನೇರ ಮೇಲಿನಿಂದ ತೆಗೆದರೆ ಬಣ್ಣ ಸರಿಯಾಗಿ ಬರುತ್ತದೆ. ನಾಲ್ಕು, ಕಾರ್ಡಿನ ಕಥೆಯನ್ನು ಹೇಳುವವರ ಬಾಯಿಂದಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕಾರ್ಡ್ ಉಳಿಯುತ್ತದೆ, ಕೋಡ್ ಗೊತ್ತಿರುವವರು ಎಷ್ಟು ದಿನ ಇರುತ್ತಾರೆ?

ಹೊಸ ಕಾರ್ಡ್ ಬೇಕೆನಿಸಿದರೆ ದಾರಿ ಇದೆ. 2005ರಲ್ಲಿ ಪೋರ್ಚುಗಲ್‌ನ ಪೌಲೊ ಮಗಲ್ಯಾಯಿಸ್ ಎಂಬ ವಿದ್ಯಾರ್ಥಿ ಶುರು ಮಾಡಿದ ‘ಪೋಸ್ಟ್‌ಕ್ರಾಸಿಂಗ್’ ಮೂಲಕ ಇವತ್ತಿಗೂ ಜಗತ್ತಿನ ಅಪರಿಚಿತರು ಒಬ್ಬರಿಗೊಬ್ಬರು ಕಾರ್ಡ್ ಕಳಿಸಿಕೊಳ್ಳುತ್ತಾರೆ. ದೊಡ್ಡಪ್ಪನಿಗೆ ಇದನ್ನು ಹೇಳಿದೆ. “ಗುರ್ತಿಲ್ದೋರ್ಗ ಯಾಕ ಕಾರ್ಡ್ ಹಾಕದು?” ಅಂದರು. ತಮ್ಮ ಕಾರ್ಡುಗಳಿಗೆ ಬರುವ ಲೈಕಿಗೆ ದುಡ್ಡು ಸಿಗುತ್ತದಾ ಅಂತಲೂ ವಿಚಾರಿಸಿದರು. ಇಲ್ಲ ಅಂದಾಗ ಅವರಿಗೆ ಇಡೀ ಇಂಟರ್ನೆಟ್ಟಿನ ಮೇಲೆ ಗೌರವ ಕಡಿಮೆಯಾಯಿತು.

ದೊಡ್ಡಮ್ಮನ ಕೈಗೆ ಈಗ ಅಕ್ಕನ ಹಳೆಯ ಸ್ಮಾರ್ಟ್‌ಫೋನ್ ಬಂದಿದೆ. ಟೈಪ್ ಮಾಡಲು ಬರುವುದಿಲ್ಲ. ಆದರೆ ದಿನಾ ಬೆಳಿಗ್ಗೆ ಆರೂವರೆಗೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಚಿತ್ರ ಬೀಳುತ್ತದೆ: ಹೊಗೆಯಾಡುವ ಕಾಫಿ ಕಪ್, ಪಕ್ಕದಲ್ಲಿ ಮಿನುಗುವ ಕೆಂಪು ಗುಲಾಬಿ, ಮೇಲೆ ಎರಡು ಪಾರಿವಾಳ, ‘ಗುಡ್ ಮಾರ್ನಿಂಗ್’. ನಾವೆಲ್ಲ ಫೋನ್ ಮೆಮೊರಿ ತುಂಬುತ್ತೆ ಅಂತ ಗೊಣಗಿಕೊಂಡು ಅಳಿಸುತ್ತೇವಲ್ಲ, ಅದೇ ಚಿತ್ರ. ಈಗ ನನಗೆ ಅದನ್ನು ಓದಲು ಬರುತ್ತದೆ. ಗುಲಾಬಿ ಅಂದರೆ ‘ಎದ್ದಿದ್ದೀನಿ, ಮೈ ಚೆನ್ನಾಗಿದೆ, ನೀನು ತಿಂಡಿ ತಿಂದು ಕಾಲೇಜಿಗೆ ಹೋಗು’.

ಹೋದ ತಿಂಗಳು ಒಂದು ದಿನ ಏಳೂವರೆಯಾದರೂ ಗುಲಾಬಿ ಬರಲಿಲ್ಲ. ಇಂಟರ್ನಲ್ಸ್ ಇದ್ದರೂ ಪುಸ್ತಕ ಮುಚ್ಚಿಟ್ಟು ಊರಿಗೆ ಫೋನ್ ಮಾಡಿದೆ. ರಾತ್ರಿ ಕರೆಂಟ್ ಹೋಗಿ ಚಾರ್ಜ್ ಇರಲಿಲ್ಲವಂತೆ, ಅಷ್ಟೆ. ದೊಡ್ಡಪ್ಪನ ಫೋನಿನಲ್ಲಿ ಮಾತಾಡಿದ ದೊಡ್ಡಮ್ಮ ಖುಷಿಯಾಗಿ ಕೇಳಿದ್ದು ಒಂದೇ: “ಓದಕ ಬಂತಾ ಕೂಸೇ ನಿಂಗೂ?”